ಅರವತ್ತು ದಾಟಿದ ಆಮೆ

ನನ್ನ ವಯಸ್ಸಿನ ಹೆಂಗಸರು ತಮ್ಮ ಪರಿಚಯ ಹೇಳಿಕೊಳ್ಳುವಾಗ ಮೊದಲು ಗಂಡನ ಕೆಲಸ, ಆಮೇಲೆ ಮಕ್ಕಳಿರುವ ಊರು, ಕೊನೆಗೆ ಮಂಡಿನೋವು ಎಂಬ ಕ್ರಮವನ್ನು ಪಾಲಿಸುತ್ತಾರೆ. ನಾನು ಮೂರನ್ನೂ ಬಿಟ್ಟು ನೇರವಾಗಿ ಹೇಳಿಬಿಡುತ್ತೇನೆ: ನಾನೊಂದು ಆಮೆ. ಕೇಳಿದವರು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಪಕ್ಕದಲ್ಲಿರುವ ನಮ್ಮ ಯಜಮಾನರ ಮುಖ ನೋಡುತ್ತಾರೆ. ಅವರು ಪಾಪ, ಹೌದು ಎನ್ನುವಂತೆ ತಲೆಯಾಡಿಸುತ್ತಾರೆ. ನಲವತ್ತು ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಅಚ್ಚು ಮಾಡಲು ಕಬ್ಬಿಣ ಉಜ್ಜಿದ ಮನುಷ್ಯನಿಗೆ ಹೆಂಡತಿ ಆಮೆಯಾದದ್ದನ್ನು ವಿವರಿಸುವ ತಾಳ್ಮೆ ಎಲ್ಲಿಂದ ಬರಬೇಕು?

ನೀವು ಗಾಬರಿಯಾಗಬೇಡಿ. ನಾನು ಆಮೆಯಾದದ್ದು ದನಿಯಲ್ಲಿ ಮಾತ್ರ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಕಿವಿಗೊಂದು ಯಂತ್ರ ಸಿಕ್ಕಿಸಿಕೊಂಡು, "ನಮಸ್ಕಾರ, ಯಾವ ವಿಭಾಗ ಬೇಕು?" ಎಂದು ಕೇಳುತ್ತಲೇ ನನ್ನ ನೌಕರಿ ಕಳೆಯಿತು. ಕಾರ್ಖಾನೆಯಲ್ಲಿ ನನ್ನ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಈಗಲೂ ತರಕಾರಿ ಅಂಗಡಿಯಲ್ಲಿ "ಕಾಲು ಕೆಜಿ ಹುರುಳಿಕಾಯಿ ಕೊಡಪ್ಪ" ಎಂದರೆ ಸಾಕು, ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿರುವ ನಿವೃತ್ತ ಫೋರ್‌ಮನ್ ತಿರುಗಿ, "ನೀವು ಎಕ್ಸ್‌ಚೇಂಜ್ ಮೇಡಂ ಅಲ್ವಾ?" ಎನ್ನುತ್ತಾರೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಆ ದನಿಗೆ ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ನಿಮ್ಮ ಸಮಯ ಮುಗಿಯಿತು ಎಂದು ಹೇಳುವವರು ಗಡಿಯಾರವನ್ನೇ ಯಾಕೆ ಕೊಡುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಗ ನಮ್ಮ ಬೀದಿಯ ಹುಡುಗಿ ಸಹನಾ ಬಂದಳು. ಅವಳು ವೈಟ್‌ಫೀಲ್ಡಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಒಂದು ಕಾರ್ಟೂನ್ ಚಿತ್ರ ತಯಾರಾಗುತ್ತಿತ್ತು. ಅದರ ನಾಯಕಿ ಒಬ್ಬಳು ಮುದಿ ಆಮೆ, ಹೆಸರು ಚಿಪ್ಪಜ್ಜಿ. "ಆಂಟಿ, ಮಿಮಿಕ್ರಿ ಮಾಡೋರು ಮುದುಕಿ ಥರ ನಡುಗಿಸ್ಕೊಂಡು ಮಾತಾಡ್ತಾರೆ. ನಮಗೆ ನಡುಗದೇ ಇರೋ ಅಜ್ಜಿ ಬೇಕು" ಎಂದಳು. ನಾನು ಬದುಕಿನಲ್ಲಿ ಕೇಳಿದ ಅತ್ಯುತ್ತಮ ಹೊಗಳಿಕೆ ಅದು. ಮರುದಿನವೇ ಹೊರಟುಬಿಟ್ಟೆ.

ಕಥೆ ಸರಳ. ವರ್ತೂರಿನ ಕಡೆಯದೇ ಅನ್ನಿಸುವ ಒಂದು ಕೆರೆ. ಅದರ ತುಂಬ ನೊರೆ. ಮೀನು, ಕಪ್ಪೆ, ಕೊಕ್ಕರೆ ಎಲ್ಲವೂ ಊರು ಬಿಡುತ್ತವೆ. ಚಿಪ್ಪಜ್ಜಿಗೆ ಮಾತ್ರ, "ನೀನು ನಿಧಾನ, ನೀನು ಇಲ್ಲೇ ಇರು" ಎನ್ನುತ್ತವೆ. ಅವಳು ಇರುವುದಿಲ್ಲ. ಹಿಂದೆ ಕೆರೆಗಳೆಲ್ಲ ಒಂದಕ್ಕೊಂದು ಕಾಲುವೆಯಲ್ಲಿ ಕೂಡಿಕೊಂಡಿದ್ದವಲ್ಲ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಆ ದಾರಿ ಅವಳಿಗೆ ಗೊತ್ತು. ನೊರೆ ಎಲ್ಲಿಂದ ಬರುತ್ತದೆ ನೋಡೇಬಿಡುತ್ತೇನೆ ಎಂದು ಮೊಮ್ಮಗ ಡುಬ್ಬನನ್ನು ಬೆನ್ನಮೇಲೆ ಕೂರಿಸಿಕೊಂಡು ನೀರಿಗೆದುರಾಗಿ ಈಜುತ್ತಾ ಮೇಲಿನ ಕೆರೆಯವರೆಗೂ ಹೋಗಿ, ಹೂತುಹೋದ ತೂಬನ್ನು ಹುಡುಕಿ ತೆಗೆಯುತ್ತಾಳೆ; ತಿಳಿನೀರು ಕೆಳಗೆ ಹರಿದು ನೊರೆ ಕೊಚ್ಚಿಹೋಗುತ್ತದೆ. ಇಷ್ಟೇ. ಚಿತ್ರ ಮಕ್ಕಳಿಗೆ ಹಿಡಿಸಿತು. ನಮ್ಮ ಬಡಾವಣೆಯ ಉದ್ಯಾನದಲ್ಲಿ ಮಕ್ಕಳು ಜಾರುಬಂಡೆಯ ಮೇಲಿಂದ ಚಿಪ್ಪಜ್ಜೀ ಎಂದು ಕೂಗಿ ನನ್ನಿಂದ ಚಿತ್ರದ ಮಾತು ಹೇಳಿಸುತ್ತಿದ್ದವು. ನಿವೃತ್ತಿಯಾದ ಮೇಲೆ ಬಡ್ತಿ ಸಿಕ್ಕಿದ್ದು ಇಡೀ ಕಾರ್ಖಾನೆಯಲ್ಲಿ ನನಗೊಬ್ಬಳಿಗೇ.

ಹೀಗಿರುವಾಗ ಊರಾಚೆಯ ಒಂದು ಥೀಮ್ ಪಾರ್ಕಿನವರು ಆ ಚಿತ್ರವನ್ನು ರೈಡ್ ಮಾಡಲು ಹೊರಟರು. ದೋಣಿಯಲ್ಲಿ ಕೂತು ಕತ್ತಲೆಯ ಸುರಂಗದೊಳಗೆ ಸುತ್ತಿ, ಕೊನೆಗೆ ಎತ್ತರದಿಂದ ನೀರಿಗೆ ಧಡಾರನೆ ಬೀಳುವ ಆಟ. ಗೊಂಬೆಗಳು ತಯಾರಾಗುತ್ತಿದ್ದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. "ಆಂಟಿ, ನಿಮ್ಮನ್ನ ನೀವೇ ನೋಡ್ಕೊಂಬರೋಣ ಬನ್ನಿ" ಎಂದು ಸಹನಾ ಕರೆದಳು. ನಾನು ಕಾಂಜೀವರಂ ಉಟ್ಟುಕೊಂಡು ಹೋದೆ. ನಗಬೇಡಿ, ಫೈಬರಿನಲ್ಲಾದರೂ ಸರಿ, ಮೂರ್ತಿಯಾಗಿರುವಾಗ ಹತ್ತಿ ಸೀರೆಯಲ್ಲಿ ಹೋಗುವುದು ಹೇಗೆ?

ಶೆಡ್ಡಿನ ತುಂಬ ಅಂಟಿನ ಘಾಟು, ಅಚ್ಚುಗಳು, ಅರ್ಧ ಬಣ್ಣ ಬಳಿದ ಕಪ್ಪೆಗಳು. ನಡುವೆ ಆಟೋರಿಕ್ಷಾದಷ್ಟು ದೊಡ್ಡ ಡುಬ್ಬ, ಕಣ್ಣಿಗೆ ಕಪ್ಪು ಕನ್ನಡಕ, ಮುಷ್ಟಿ ಎತ್ತಿಕೊಂಡು ನಿಂತಿದ್ದ. ಅವನದೇ ಇನ್ನೊಂದು ಗೊಂಬೆ ಜಿಗಿಯುತ್ತಿತ್ತು. ಮತ್ತೊಂದು ನೊರೆಯ ರಾಕ್ಷಸನಿಗೆ ಒದೆಯುತ್ತಿತ್ತು. ನಾನು ಎಲ್ಲಿ ಎಂದು ಹುಡುಕಿದೆ. ಗೋಡೆಯ ಪಕ್ಕದಲ್ಲಿ, ಬಾಗಿಲಿಗೆ ಹತ್ತಿರ, ಒಂದು ಕಲ್ಲಿನ ಮೇಲೆ ಕೂತಿದ್ದೆ. ಒಂದು ಕೈ ಎತ್ತಿ ಹರಸುತ್ತಿದ್ದೆ, ಕಣ್ಣು ಅರ್ಧ ಮುಚ್ಚಿತ್ತು. ಆಶೀರ್ವಾದ ಮಾಡುತ್ತಲೇ ನಿದ್ದೆ ಹೋಗಿದ್ದೆ.

"ಮಿಕ್ಕ ನಾನೆಲ್ಲಿ?" ಎಂದು ಕೇಳಿದೆ.

ರೈಡಿನ ವಿನ್ಯಾಸಕಾರ ಕಾರ್ತಿಕ್ ಮುಂದೆ ಬಂದ. ಮೂವತ್ತರ ಆಸುಪಾಸಿನ, ಸೌಮ್ಯ ಮಾತಿನ ಹುಡುಗ. "ಇಷ್ಟೇ ಮೇಡಂ. ಅಜ್ಜಿ ಎಂಟ್ರೆನ್ಸಲ್ಲಿ ಇರ್ತಾರೆ. ಡುಬ್ಬ ಅಡ್ವೆಂಚರ್‌ಗೆ ಹೋಗ್ತಾನೆ, ಅಜ್ಜಿ ಬ್ಲೆಸ್ ಮಾಡ್ತಾರೆ."

"ಸಿನಿಮಾದಲ್ಲಿ ಹೋಗೋದು ಅಜ್ಜಿ ಕಣಪ್ಪ."

"ಹೌದು ಮೇಡಂ. ಆದ್ರೆ ಅಜ್ಜಿ ಸ್ಲೋ."

ಆಮೇಲೆ ಅವನು ಬಹಳ ಮರ್ಯಾದೆಯಿಂದ ನನಗೆ ಪಾಠ ಹೇಳಿದ. ಕೋಪದಲ್ಲಿ ಕೇಳಿಸಿಕೊಂಡರೂ ಪಾಠ ಚೆನ್ನಾಗಿತ್ತೆಂದು ಒಪ್ಪಬೇಕು. ಚಿತ್ರ ಒಂದೂವರೆ ಗಂಟೆ, ದೋಣಿ ನಾಲ್ಕು ನಿಮಿಷ. ಹಿಂದೆ ಇನ್ನೊಂದು ದೋಣಿ ಬರುತ್ತಿರುತ್ತದೆ, ಆದ್ದರಿಂದ ಯಾವ ದುಃಖಕ್ಕೂ ನಿಲ್ಲುವ ಹಾಗಿಲ್ಲ. ಕತ್ತಲೆಯಲ್ಲಿ ಮಕ್ಕಳು ಕಿರುಚುತ್ತಿರುತ್ತವೆ, ಸಂಭಾಷಣೆ ಕೇಳಿಸುವುದಿಲ್ಲ. ಒಳ್ಳೆಯವನು ಕಂಡೊಡನೆ ಒಳ್ಳೆಯವನೆಂದು ಗೊತ್ತಾಗಬೇಕು, ಕೆಟ್ಟವನು ಪಕ್ಕದಿಂದ ಹಾರಿ ಬೀಳಬೇಕು. ಚಿತ್ರದಲ್ಲಿ ಇಲ್ಲಿಂದ ಮುಂದೇನು ಎಂದು ನೂರು ಪ್ರಶ್ನೆ ಏಳಬಹುದು. ದೋಣಿಯಲ್ಲಿ ಏಳುವ ಪ್ರಶ್ನೆ ಒಂದೇ, ಯಾವಾಗ ಬೀಳುತ್ತೇವೆ? ಚಿತ್ರದಲ್ಲಿ ನೀರಿಗೆದುರಾಗಿ ಮೇಲಕ್ಕೆ ಹೋಗುವ ಪ್ರಯಾಣ ರೈಡಿನಲ್ಲಿ ತಿರುಗುಮುರುಗಾಗಿತ್ತು. "ಹತ್ತೋದು ಬೋರ್ ಮೇಡಂ, ಬೀಳೋದೇ ಮಜಾ" ಎಂದ. ನೊರೆಗೊಂದು ಯಂತ್ರ ತರಿಸಿದ್ದರು. ವರ್ತೂರಿನ ಕಡೆ ನಾವು ಮೂಗಿಗೆ ಸೆರಗು ಹಿಡಿದುಕೊಂಡು ದಾಟಿದ ಆ ನೊರೆಯೇ ಇಲ್ಲಿ ಆಟದ ಅತಿ ದೊಡ್ಡ ಆಕರ್ಷಣೆ. ಮಕ್ಕಳು ಅದನ್ನು ಮೈಗೆಲ್ಲ ಬಳಿದುಕೊಂಡು ಕುಣಿಯಬಹುದಂತೆ. ಖಳನಾಯಕನನ್ನು ಸೋಲಿಸುವ ಬದಲು ಸ್ನಾನಕ್ಕೆ ಬಳಸಿಕೊಳ್ಳುವುದು ಕಥೆಗಾರರಿಗೆ ಹೊಳೆಯದ ಉಪಾಯ.

"ಇನ್ನೊಂದು ವಿಷಯ ಮೇಡಂ" ಎಂದು ಕಾರ್ತಿಕ್ ಸಮಾಧಾನ ಹೇಳುವವನಂತೆ ಸೇರಿಸಿದ. "ರೈಡಲ್ಲಿ ಹೀರೋ ಗೊಂಬೆ ಅಲ್ಲ. ದೋಣೀಲಿ ಯಾರು ಕೂತಿರ್ತಾರೋ ಅವರೇ ಹೀರೋ. ಗೊಂಬೆಗಳು ಸುಮ್ನೆ ಜೊತೆಗೆ." ಆಗ ಆ ಮಾತು ನನಗೆ ಸಮಾಧಾನ ಕೊಡಲಿಲ್ಲ, ಆದರೆ ಮರೆಯಲೂ ಇಲ್ಲ.

ಕಥೆಯನ್ನು ಕತ್ತರಿಸಿದರು ಎಂದು ನನಗೆ ಸಿಟ್ಟಲ್ಲ, ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಕತ್ತರಿಸುವುದನ್ನು ಈ ಹುಡುಗರು ಕಂಡುಹಿಡಿಯಲಿಲ್ಲ. ಹೊಯ್ಸಳರ ಕಾಲದ ಗುಡಿಗಳ ಗೋಡೆ ನೋಡಿ. ಇಡೀ ಪುರಾಣ ಗೇಣಗಲದ ಪಟ್ಟಿಯಲ್ಲಿ ಸುತ್ತ ಹರಿದಿರುತ್ತದೆ; ಶಿಲ್ಪಿ ಸಂಭಾಷಣೆ ಕೆತ್ತಲಿಲ್ಲ, ಬಾಣ ಕೆತ್ತಿದ. ಕಲ್ಲು ನಿಂತಿರುತ್ತದೆ, ನೋಡುವವನು ನಡೆಯುತ್ತಾನೆ. ಪ್ರದಕ್ಷಿಣೆ ಮುಗಿದಾಗ ಕಥೆ ಮುಗಿದಿರುತ್ತದೆ. ದೋಣಿ ಮಾಡುವುದೂ ಅದನ್ನೇ, ಕಾಲಿಗೆ ಕೆಲಸವಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಗೊಂಬೆ ಹಬ್ಬದಲ್ಲಿ ನಮ್ಮಮ್ಮ ಒಂದು ಮೆಟ್ಟಿಲಿನ ಮೇಲೆ ಒಂದು ಮದುವೆ, ಒಂದು ಯುದ್ಧ, ಒಂದು ಕಿರಾಣಿ ಅಂಗಡಿ ಒಟ್ಟಿಗೆ ಇಡುತ್ತಿದ್ದಳು, ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಅದೇ ಹರಿಕಥೆ ದಾಸರ ಕೈಗೆ ಒಂದು ಸಾಲಿನ ಕಥೆ ಕೊಟ್ಟರೆ ಅವರು ನಡುವೆ ಕಾಫಿ, ರಾಜಕೀಯ, ಅತ್ತೆ ಸೊಸೆ ಎಲ್ಲವನ್ನೂ ತಂದು ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರು. ಕಥೆಗೆ ಹಿಗ್ಗುವುದೂ ಗೊತ್ತು, ಕುಗ್ಗುವುದೂ ಗೊತ್ತು. ಮಡಿಸಿಟ್ಟ ಸೀರೆ ಸೀರೆಯಲ್ಲ ಎಂದು ಯಾರೂ ಅನ್ನುವುದಿಲ್ಲ.

ನನ್ನ ತಕರಾರು ಬೇರೆ. ಕತ್ತರಿ ಹಾಕುವಾಗ ಯಾರ ಕುತ್ತಿಗೆ ಮೊದಲು ಸಿಗುತ್ತದೆ? ಗಡಿಬಿಡಿ ಬಂದಾಗ ಯಾವ ಕಥೆಯಲ್ಲಾದರೂ ನೋಡಿ, ವಯಸ್ಸಾದವಳನ್ನು ಬಾಗಿಲಿಗೆ ತಂದು ಕೂರಿಸಿ ಕೈ ಎತ್ತಿಸಿಬಿಡುತ್ತಾರೆ. ಹರಸುವುದು ಒಂದು ಕೆಲಸವೇ ಅಲ್ಲ ಎನ್ನುವುದಿಲ್ಲ. ಆದರೆ ಎದ್ದು ಹೋದವಳನ್ನು ಹಿಡಿದು ತಂದು ಮತ್ತೆ ಕೂರಿಸುವುದಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವತ್ತೂ ಒಪ್ಪಲಿಲ್ಲ. ಕಾರ್ತಿಕನಿಗೆ ಹಾಗೆಯೇ ಹೇಳಿದೆ. ಅವನು ವಿನಯದಿಂದ ತಲೆ ತಗ್ಗಿಸಿ, "ಮೋಲ್ಡ್ ಆಗೋಗಿದೆ ಮೇಡಂ" ಎಂದ. ಅಚ್ಚು ಆಗಿಹೋದ ಮೇಲೆ ಮಾತು ಮುಗಿಯಿತು ಎನ್ನುವುದು ಪೀಣ್ಯದ ಕಾನೂನು. ಟೂಲ್‌ರೂಮಿನವನ ಹೆಂಡತಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವು ವಾರದ ಮೇಲೆ ಸಹನಾ ಫೋನ್ ಮಾಡಿದಳು. ರೈಡಿಗೆ ನನ್ನ ದನಿ ಬೇಕಂತೆ. ನನಗೆ ಸ್ವಲ್ಪ ಆಸೆ ಹುಟ್ಟಿತು. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ವೈಟ್‌ಫೀಲ್ಡಿನವರೆಗೂ, ಬಾಗಿಲುಗಳಿಂದ ದೂರವಿರಿ ಎನ್ನುವ ಆ ಹೆಂಗಸಿನ ದನಿಯನ್ನು ವೃತ್ತಿಯ ಅಸೂಯೆಯಿಂದ ಕೇಳುತ್ತ ಹೋದೆ. ಅವಳು ಅಷ್ಟು ಅಚ್ಚುಕಟ್ಟಾಗಿ ಹೇಳುತ್ತಾಳೆ, ಒಬ್ಬರೂ ದೂರವಿರುವುದಿಲ್ಲ.

ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ ಒಂದು ಹಾಳೆ ಕೊಟ್ಟರು. ದೋಣಿ ಹತ್ತುವ ಮೊದಲು ಬರುವ ಸುರಕ್ಷತೆಯ ಸೂಚನೆಗಳು. ಕೈಕಾಲು ಒಳಗಿಟ್ಟುಕೊಳ್ಳಿ, ಕಂಬಿ ಬಿಗಿಯಾಗಿ ಹಿಡಿದುಕೊಳ್ಳಿ, ದೋಣಿ ನಿಲ್ಲುವವರೆಗೂ ಏಳಬೇಡಿ. ಚಿತ್ರದಲ್ಲಿ ಯಾರ ಮಾತೂ ಕೇಳದೆ ಹೊರಟ ಚಿಪ್ಪಜ್ಜಿ ಇಲ್ಲಿ ಮಕ್ಕಳಿಗೆ ಅಲ್ಲಾಡಬೇಡಿ ಎನ್ನಬೇಕು. ಇರಲಿ, ಮಕ್ಕಳ ಕೈಕಾಲಿನ ವಿಷಯ. ಒಂದೊಂದನ್ನೂ ಮುದ್ದಾಗಿ ಓದಿದೆ. ಕೊನೆಯ ಸಾಲಿಗೆ ಬಂದೆ. "ಅರವತ್ತು ವರ್ಷ ದಾಟಿದವರಿಗೆ ಪ್ರವೇಶವಿಲ್ಲ. ದಯವಿಟ್ಟು ಹೊರಗೆ ಕಾಯಿರಿ."

ಅದನ್ನು ನಾನು ಓದಬೇಕಿತ್ತು. ಅರವತ್ತೆರಡರ ನಾನು, ಅಜ್ಜಿ ಆಮೆಯ ದನಿಯಲ್ಲಿ, ನನ್ನಂಥವರಿಗೆ ನೀವು ಬರಕೂಡದು ಎಂದು ಹೇಳಬೇಕಿತ್ತು. ಬಾಗಿಲಲ್ಲಿ ಕೂರಿಸಿದ್ದು ಸಾಲದೆ ಬಾಗಿಲು ಮುಚ್ಚುವ ಕೆಲಸವನ್ನೂ ನನಗೇ ಕೊಟ್ಟಿದ್ದರು. ನನಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಹಾಳೆ ಕೆಳಗಿಟ್ಟೆ.

"ಇದನ್ನ ಓದಲ್ಲ."

ರೆಕಾರ್ಡಿಂಗ್ ನೋಡಲು ಬಂದು ಗಾಜಿನಾಚೆ ಕೂತಿದ್ದ ಕಾರ್ತಿಕ್ ಒಳಗೆ ಬಂದ. "ಮೇಡಂ, ಅದು ಸ್ಟ್ಯಾಂಡರ್ಡ್ ಲೈನ್. ಎಲ್ಲಾ ಕಡೆ ಇರತ್ತೆ."

"ಯಾರು ಬರ್ದಿದ್ದು?"

"ಗೊತ್ತಿಲ್ಲ ಮೇಡಂ. ಅದೇ ಪಾರ್ಕಲ್ಲಿ ಹಳೇ ರೈಡ್ ಒಂದಿತ್ತು, ಅದರ ಬೋರ್ಡಿಂದ ಬಂದಿದೆ."

"ಆ ಹಳೇದು ಏನು ಮಾಡ್ತಿತ್ತು?"

"ತಲೆಕೆಳಗಾಗಿ ತಿರುಗ್ತಿತ್ತು."

"ನಿನ್ನ ದೋಣಿ ತಲೆಕೆಳಗಾಗತ್ತಾ?"

"ಅಯ್ಯೋ, ಇಲ್ಲ ಮೇಡಂ."

"ಮತ್ತೆ? ಹಾರ್ಟ್ ಸರಿ ಇಲ್ದೋರು ಬೇಡ ಅನ್ನು, ಬೆನ್ನು ಆಪರೇಷನ್ ಆದೋರು ಬೇಡ ಅನ್ನು, ಬಸುರಿ ಹೆಂಗಸರು ಬೇಡ ಅನ್ನು, ಎಲ್ಲಾ ಓದ್ತೀನಿ. ಬರೀ ಅರವತ್ತು ಅಂದ್ರೆ ಏನು? ಅದು ಕಾಯಿಲೆನಾ?"

ಈ ಅರವತ್ತು ಎಂಬ ಸಂಖ್ಯೆಯ ಮೇಲೆ ನನಗೆ ಹಳೆಯ ಹಗೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಅದರ ರುಚಿ ಗೊತ್ತು. ಅದರ ಹಿಂದಿನ ದಿನ ಮಷಿನ್ನು ನಡೆಸಲು ನೀವೇ ಬೇಕು, ಮಾರನೆಯ ದಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಯಾರನ್ನು ನೋಡಬೇಕು ಸಾರ್ ಎನ್ನುತ್ತಾನೆ. ನಮ್ಮ ಪುರೋಹಿತರಾದರೂ ವಾಸಿ. ಅರವತ್ತಕ್ಕೆ ಶಾಂತಿ ಮಾಡಿಸಿ, ಬಾಸಿಂಗ ಕಟ್ಟಿಸಿ, ಅದೇ ಹೆಂಡತಿಯ ಜೊತೆ ಮತ್ತೊಮ್ಮೆ ಮದುವೆ ಮಾಡಿಸುತ್ತಾರೆ. ಮದುವೆಯಂಥ ಅಪಾಯಕ್ಕೆ ಎರಡನೆಯ ಸಲ ದೂಡಬಹುದಾದ ವಯಸ್ಸಿನವರನ್ನು ಒಂದು ದೋಣಿ ಹತ್ತಿಸಲು ಯಾಕೆ ಹೆದರಬೇಕು?

ಕಾರ್ತಿಕ್ ತಲೆ ಕೆರೆದುಕೊಂಡ. ಆಮೇಲೆ, ಕೆಟ್ಟ ಉದ್ದೇಶವೇನೂ ಇಲ್ಲದೆ, "ನೀವು ಓದದಿದ್ರೆ ಪರವಾಗಿಲ್ಲ ಮೇಡಂ. ನಿಮ್ಮ ವಾಯ್ಸ್ ನಮ್ಹತ್ರ ಇದೆಯಲ್ಲ, ಕಂಪ್ಯೂಟರಲ್ಲೇ ಆ ಒಂದು ಲೈನ್ ಮಾಡ್ಕೊಬಹುದು" ಎಂದ.

ಗಾಜಿನಾಚೆ ಸಹನಾಳ ಮುಖ ಬಿಳಿಚಿಕೊಂಡಿತು. ನಾನು ಕುರ್ಚಿಯಿಂದ ಎದ್ದೆ.

"ಮಾಡಪ್ಪ. ನಾನು ಹೇಳದೇ ಇರೋ ಮಾತು ನನ್ನ ದನೀಲಿ ಬರ್ಲಿ. ಆಮೇಲೆ ದಿನಾ ನಾನು ಅದೇ ಬಾಗಿಲಲ್ಲಿ ನಿಂತ್ಕೊಂಡು, ಅದೇ ದನೀಲಿ, ಅದು ಸುಳ್ಳು ಅಂತ ಕೂಗ್ತೀನಿ. ಮಕ್ಕಳು ಯಾವ ಅಜ್ಜಿ ಮಾತು ಕೇಳ್ತವೆ ನೋಡೇಬಿಡೋಣ."

"ಸಾರಿ ಮೇಡಂ" ಎಂದ. ಅವನ ಕಿವಿ ಕೆಂಪಾಗಿತ್ತು. ನಿಜವಾಗಿಯೂ ಒಳ್ಳೆಯ ಹುಡುಗ.

ಆಗ ನನಗೆ ಪೀಣ್ಯದ ಪಾಠ ನೆನಪಾಯಿತು. "ದೋಣೀಲಿ ಕೂತೋರೇ ಹೀರೋ ಅಂದ್ಯಲ್ಲ?" ಎಂದೆ. "ನಿನ್ನ ಅಚ್ಚು ಮುರೀಬೇಡ. ಬಾಗಿಲಲ್ಲಿ ನನ್ನನ್ನ ಕೂರಿಸಿದೀಯ, ಕೂರ್ಲಿ. ದೋಣಿಗೆ ಅಜ್ಜಿಯರನ್ನ ಹತ್ತಿಸು. ಆಗ ಕಥೆ ಮತ್ತೆ ಅಜ್ಜಿದೇ ಆಗತ್ತೆ. ಒಂದು ಮೊಳೆನೂ ಬದಲಾಯಿಸ್ಬೇಕಾಗಿಲ್ಲ."

ಅವನು ನಾನು ಕೆಳಗಿಟ್ಟ ಹಾಳೆ ಎತ್ತಿಕೊಂಡು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದ. ತನ್ನದೇ ಮಾತು ತಿರುಗಿ ಬಂದು ಎದುರು ನಿಂತರೆ ಯಾರಿಗಾದರೂ ಸ್ವಲ್ಪ ಹೊತ್ತು ಬೇಕಾಗುತ್ತದೆ. ಕೊನೆಗೆ, "ಟ್ರಯಲ್‌ಗೆ ಬನ್ನಿ ಮೇಡಂ" ಎಂದ. "ಮರಳು ಚೀಲ ಹಾಕಿ ಟೆಸ್ಟ್ ಮಾಡ್ತಿದೀವಿ, ಆಮೇಲೆ ಜನರನ್ನ ಕೂರಿಸ್ತೀವಿ. ಹತ್ತಿ ಇಳಿದು ನೀವೇ ಹೇಳಿ. ನಿಮ್ಮ ವಯಸ್ಸಿನೋರಿಗೆ ಆಗತ್ತೆ ಅಂದ್ರೆ ಪಾರ್ಕ್‌ನೋರ ಜೊತೆ ನಾನು ಜಗಳ ಆಡ್ತೀನಿ. ಆಗಲ್ಲ ಅಂದ್ರೆ ಆ ಲೈನ್ ನೀವೇ ಓದ್ಬೇಕು."

"ಓದ್ತೀನಿ" ಎಂದೆ. ಮಾತು ಕೊಟ್ಟ ಮೇಲೆ ಮೆಟ್ರೋದಲ್ಲಿ ವಾಪಸ್ಸು ಬರುವಾಗ ಒಂದು ವಿಷಯ ನೆನಪಾಯಿತು. ನಾನು ಈವರೆಗೆ ಹತ್ತಿದ್ದ ಅತಿ ಭಯಂಕರ ಆಟವೆಂದರೆ ಎಕ್ಸಿಬಿಷನ್ನಿನ ಕುದುರೆ ಗಾಡಿ.

ಮನೆಯಲ್ಲಿ ಹೇಳಿದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮೊದಲು ಡಾಕ್ಟ್ರಿಗೆ ತೋರಿಸ್ಕೊಂಡ್ಬಾ. ಜಗಳ ಆಮೇಲೆ ಆಡು" ಎಂದರು. ಅದು ಅವರ ಭಾಷೆಯಲ್ಲಿ ಪೂರ್ಣ ಬೆಂಬಲ. ತೋರಿಸಿಕೊಂಡೆ. ಡಾಕ್ಟರು ಹೃದಯ ಗಟ್ಟಿಯಾಗಿದೆ, ಸೊಂಟ ಮಾತ್ರ ನೋಡಿಕೊಳ್ಳಿ ಎಂದರು. ನನ್ನ ಜೊತೆ ಬೆಳಗ್ಗೆ ವಾಕಿಂಗಿಗೆ ಬರುವ ಗೆಳತಿಯರೂ ತೋರಿಸಿಕೊಂಡರು. ಹೌದು, ಅವರೂ ಹೊರಟಿದ್ದರು. ದೋಣಿಗೆ ಅಜ್ಜಿಯರನ್ನು ಹತ್ತಿಸು ಎಂದು ಕೂಗಿ ಒಬ್ಬಳೇ ಹೋಗುವುದು ಹೇಗೆ? ಅವರಲ್ಲಿ ಮುಂದಾಳು ಬಾಗಲಗುಂಟೆಯ ಗೌರಮ್ಮ. ಅಲ್ಲಿನ ಮೂಲ ಒಕ್ಕಲು ಮನೆಯವಳು; ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮೆಲ್ಲರಿಗಿಂತ ದೊಡ್ಡವಳು, ನಮ್ಮೆಲ್ಲರಿಗಿಂತ ವೇಗವಾಗಿ ನಡೆಯುತ್ತಾಳೆ.

ಪಾರ್ಕಿನಲ್ಲಿ ರೈಡಿನ ಬಾಗಿಲನ್ನು ಕಾರ್ತಿಕ್ ಬಹಳ ಚೆಂದ ಮಾಡಿದ್ದ. ಕೆರೆ ಏರಿ, ಕಲ್ಲಿನ ಮಂಟಪ, ಒಂದು ಅಶ್ವತ್ಥಕಟ್ಟೆ, ಅದರ ಮೇಲೆ ಸಾಲಾಗಿ ನಾಗರಕಲ್ಲು. ಎಲ್ಲವೂ ಫೈಬರ್, ಆದರೆ ಪಾಚಿಯ ಬಣ್ಣದವರೆಗೂ ತದ್ರೂಪು. ಆ ತದ್ರೂಪೇ ಎಡವಟ್ಟಾಯಿತು. ನಾನು ಕಾರ್ತಿಕನ ಜೊತೆ ಮಾತಾಡಿ ತಿರುಗುವಷ್ಟರಲ್ಲಿ ನನ್ನ ಗೆಳತಿಯರೆಲ್ಲ ಚಪ್ಪಲಿಗಳನ್ನು ಮಂಟಪದ ಕೆಳಗೆ ಜೋಡಿಸಿ ಬಿಟ್ಟು ಕಟ್ಟೆ ಸುತ್ತುತ್ತಿದ್ದರು. ಗೌರಮ್ಮ ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದಾಗಿತ್ತು.

"ಇದೇನವ್ವ, ನಾಗಪ್ಪನ್ನ ಇಟ್ಬುಟ್ಟು ಇಂಗೆ ಒಣಗಾಕವ್ರೆ? ಒಂದ್ ಚಿಟಿಕೆ ಕುಂಕ್ಮ ಇಕ್ಕಾಕಿಲ್ವಾ?"

"ಗೌರಮ್ಮ, ಅದು ಪ್ಲಾಸ್ಟಿಕ್ಕು!"

"ನಾಗಪ್ಪಂಗೆ ಗೊತ್ತಾಯ್ತದೆ ಬುಡು" ಎಂದು ಎಲ್ಲ ಕಲ್ಲಿಗೂ ಇಟ್ಟುಬಿಟ್ಟಳು. ಬಣ್ಣದವನು ಒರೆಸಲು ಬಟ್ಟೆ ತಂದ. ಕಾರ್ತಿಕ್ ತಲೆ ಓರೆ ಮಾಡಿ ನೋಡಿ, "ಬಿಡಿ, ಇವಾಗ್ಲೇ ಕರೆಕ್ಟಾಗಿದೆ" ಎಂದ. ಚಪ್ಪಲಿಯ ವಿಷಯ ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ. ದೋಣಿ ಹತ್ತುವುದು ಈ ಕಡೆ, ಇಳಿಯುವುದು ಕಟ್ಟಡದ ಆ ಕಡೆ.

ಹತ್ತುವ ಹೊತ್ತಿಗೆ ಇನ್ನೊಂದು ತೊಡಕು ಎದುರಾಯಿತು. ಬ್ಯಾಗು. ನಾವು ಹೆಂಗಸರು ಅಂಗಳ ದಾಟಿದರೂ ಒಂದು ಬ್ಯಾಗು ಇರುತ್ತದೆ. ಅದರಲ್ಲಿ ಮಾತ್ರೆ, ಕನ್ನಡಕದ ಡಬ್ಬಿ, ನೀರು, ಚಕ್ಕುಲಿ. ದೋಣಿಯಲ್ಲಿ ಒದ್ದೆಯಾಗುತ್ತದೆ, ಒಯ್ಯುವ ಹಾಗಿಲ್ಲ. "ಬ್ಯಾಗೆಲ್ಲಿ ಇಡೋದು?" ಎಂದು ಕೇಳಿದೆವು. ಕಾರ್ತಿಕ್ ಅತ್ತ ನೋಡಿದ, ಇತ್ತ ನೋಡಿದ. ಇಡೀ ರೈಡಿನಲ್ಲಿ ಬ್ಯಾಗು ಇಡಲು ಒಂದು ಗೂಡೂ ಇರಲಿಲ್ಲ. "ಅದು... ಯೂಶುವಲಿ ಮನೆಯವರು ಯಾರಾದ್ರೂ ಹೊರಗಡೆ..." ಎಂದು ಶುರು ಮಾಡಿ ನಡುವೆಯೇ ನಿಲ್ಲಿಸಿದ.

ಎಂಥ ಬೆಳಕು ಬಿತ್ತು ನನ್ನ ತಲೆಯಲ್ಲಿ! ಎಲ್ಲ ಪಾರ್ಕಿನ ಎಲ್ಲ ಆಟದ ಹೊರಗೆ ಒಂದು ಬೆಂಚಿರುತ್ತದೆ, ಅದರ ಮೇಲೆ ಒಬ್ಬಳು ಅಜ್ಜಿ, ಅವಳ ಮಡಿಲಲ್ಲಿ ಇಡೀ ಸಂಸಾರದ ಬ್ಯಾಗು, ಮೊಬೈಲು, ಒದ್ದೆ ಟವೆಲ್ಲು. ಹೃದಯವಲ್ಲ, ಬೆನ್ನಲ್ಲ, ಅಜ್ಜಿಯೂ ದೋಣಿ ಹತ್ತಿದರೆ ಸಾಮಾನು ಕಾಯುವವರು ಯಾರು? ಅರವತ್ತರ ನಿಯಮದ ಗುಟ್ಟು ಇದೇ ಎಂದು ನಾನು ಈಗಲೂ ನಂಬಿದ್ದೇನೆ, ಯಾರು ಏನು ಹೇಳಿದರೂ ಬಿಡುವವಳಲ್ಲ. ನಾವು ಒಬ್ಬೊಬ್ಬರಾಗಿ ನಮ್ಮ ಬ್ಯಾಗುಗಳನ್ನು ಕಾರ್ತಿಕನ ತೋಳಿಗೆ ತೂಗುಹಾಕಿ ದೋಣಿಯಲ್ಲಿ ಕೂತೆವು.

ದೋಣಿ ಹೊರಟಿತು. ಬಾಗಿಲಲ್ಲಿ ನನ್ನದೇ ಗೊಂಬೆ ಕೈ ಎತ್ತಿ, ನನ್ನದೇ ದನಿಯಲ್ಲಿ, ಕೈಕಾಲು ಒಳಗಿಟ್ಟುಕೊಳ್ಳಿ ಮಕ್ಕಳೇ ಎಂದಿತು. "ಆಯ್ತು ಕಣವ್ವ" ಎಂದು ಗೌರಮ್ಮ ಉತ್ತರ ಕೊಟ್ಟಳು. ಕತ್ತಲೆ. ಕಪ್ಪೆಗಳು ಹಾಡಿದವು. ನೊರೆಯ ರಾಕ್ಷಸ ಪಕ್ಕದಿಂದ ಹಾರಿ ಬಿದ್ದ. ನಾವು ಕಿರುಚಿದೆವು, ಕಿರುಚಿದ್ದಕ್ಕೆ ನಕ್ಕೆವು. ಡುಬ್ಬ ಮುಷ್ಟಿ ಎತ್ತಿದ್ದ, ಆದರೆ ಅವನನ್ನು ನೋಡುವ ಪುರುಸೊತ್ತು ಯಾರಿಗಿತ್ತು? ಕಾರ್ತಿಕ್ ಹೇಳಿದ್ದು ನಿಜ, ಗೊಂಬೆಗಳು ಸುಮ್ಮನೆ ಜೊತೆಗೆ. ಮೈಮೇಲೆ ನೊರೆ ಬಿತ್ತು. ದೋಣಿ ಕಟಕಟ ಸದ್ದು ಮಾಡುತ್ತ ಮೇಲೆ ಹತ್ತಿತು, ಹತ್ತುತ್ತಲೇ ಇತ್ತು; ಹತ್ತುವುದು ಬೋರ್ ಎಂದವನ ಮೇಲೆ ನನಗೆ ಬಹಳ ಸಿಟ್ಟು ಬಂತು, ಯಾಕೆಂದರೆ ನಾನು ಆಗಲೇ ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡಿದ್ದೆ. ತುದಿಯಲ್ಲಿ ಒಂದು ಗಳಿಗೆ ನಿಂತಿತು. ದೂರದಲ್ಲಿ ಹೆದ್ದಾರಿ, ಲಾರಿಗಳು, ಬಿಸಿಲು ಕಂಡವು. ಯಾಕೆ ಬಂದೆ, ಮನೆಯಲ್ಲಿ ಸುಖವಾಗಿ ಶಾಲು ಹೊದ್ದುಕೊಂಡು ಇರಬಹುದಿತ್ತಲ್ಲ ಎಂದುಕೊಂಡೆ. ಆಮೇಲೆ ಬಿದ್ದೆವು.

ಬೀಳುವಾಗ ನಾನು ಏನು ಕೂಗಿದೆ ಎಂದು ಹೇಳುವುದಿಲ್ಲ. ದೋಣಿ ನೀರಿಗೆ ಬಡಿದಾಗ ಸೊಂಟದಲ್ಲಿ ಚಳಕ್ ಎಂದಿತು.

ಆ ಕಡೆಯಲ್ಲಿ ಇಳಿದಾಗ ನಾವೆಲ್ಲ ತೊಯ್ದು ತೊಪ್ಪೆ. ಕಾಲಿಗೆ ಚಪ್ಪಲಿ ಇಲ್ಲ, ಸಿಮೆಂಟು ನೆಲ ಕಾದಿತ್ತು. ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತಿದ್ದೆವು. ಎದುರಿಗೆ ಕಾರ್ತಿಕ್, ಎರಡು ತೋಳಿನ ತುಂಬ ನಮ್ಮ ಬ್ಯಾಗುಗಳನ್ನು ಹೊತ್ತು ಓಡುತ್ತ ಬಂದ.

"ಹೇಗಿತ್ತು ಮೇಡಂ?"

ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳು ಹೇಳುವುದು ಸುಲಭವಿತ್ತು. ಏನೂ ಆಗಲಿಲ್ಲ, ಹೂವಿನ ಹಾಗೆ ಇಳಿದೆ ಎಂದರೆ ಪಂದ್ಯ ನನ್ನದೇ. ಆದರೆ ನಾಳೆ ನನ್ನ ದನಿ ನಂಬಿ ಯಾರೋ ಒಬ್ಬ ಅಜ್ಜಿ ಹತ್ತುತ್ತಾಳೆ. ದನಿಯನ್ನೇ ಉಂಡು ಬದುಕಿದವಳು ನಾನು.

"ಸೊಂಟ ಹಿಡ್ಕೊಂಡಿದೆ ಕಣಪ್ಪ" ಎಂದೆ.

ಅವನ ಮುಖ ಇಳಿದುಹೋಯಿತು. ಗೆದ್ದದ್ದಕ್ಕೆ ಖುಷಿಪಡುವ ಬದಲು ಬೇಸರಪಟ್ಟನಲ್ಲ, ಅವತ್ತಿನಿಂದ ಅವನು ನನ್ನವನಾದ.

"ಮತ್ತೆ ಹತ್ತಬೇಕು" ಎಂದೆ.

"ಮುಂದ್ಗಡೆ ಸೀಟು ನಂದು" ಎಂದಳು ಗೌರಮ್ಮ.

ಹತ್ತಿದೆವು, ಈ ಸಲ ಚಪ್ಪಲಿ ಹಾಕಿಕೊಂಡು. ಸೊಂಟಕ್ಕೆ ವಾರವಿಡೀ ಬಿಸಿನೀರಿನ ಚೀಲ ಇಟ್ಟುಕೊಂಡೆ, ಯಜಮಾನರೇ ತುಂಬಿಸಿಕೊಟ್ಟರು. ನೋವಾಗುವುದಕ್ಕೂ ಆಗುವುದಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೂವತ್ತರವನಿಗೆ ಸೊಂಟ ಹಿಡಿದರೆ ಅದು ಸೊಂಟ. ನಮಗೆ ಹಿಡಿದರೆ ಮಾತ್ರ ಅದು ವಯಸ್ಸು. ಈ ಲೆಕ್ಕಾಚಾರವನ್ನು ಇನ್ನು ಮುಂದೆ ಒಪ್ಪುವುದಿಲ್ಲ ಎಂದು ಆ ಬಿಸಿನೀರಿನ ಚೀಲದ ಮೇಲೆ ಮಲಗಿಯೇ ತೀರ್ಮಾನಿಸಿದೆ.

ಕಾರ್ತಿಕ್ ಮಾತಿಗೆ ತಪ್ಪಲಿಲ್ಲ. ಪಾರ್ಕಿನವರ ಜೊತೆ ಏನು ಜಗಳವಾಡಿದನೋ, ನನ್ನ ಸೊಂಟದ ವಿಷಯ ಹೇಳಿದನೋ ಇಲ್ಲವೋ, ಅಂತೂ ಬೋರ್ಡಿನಿಂದ ಅರವತ್ತು ಹೋಯಿತು. ಬಾಗಿಲ ಪಕ್ಕದಲ್ಲಿ ಬ್ಯಾಗು ಇಡುವ ಗೂಡುಗಳು ಬಂದವು. ಗೊಂಬೆ ಮಾತ್ರ ಅಲ್ಲೇ ಕೂತಿದೆ. ಆ ಜಗಳದಲ್ಲಿ ನಾನು ಸೋತೆ, ಸೋಲನ್ನು ಒಪ್ಪಿಲ್ಲ. ಕೊನೆಯ ಸಾಲಿಗೆ ಬದಲು ಏನು ಹೇಳಬೇಕು ಎಂದು ನನ್ನನ್ನೇ ಕೇಳಿದರು. ಬೆನ್ನು, ಹೃದಯ, ಬಿಪಿಯ ಎಚ್ಚರಿಕೆಯನ್ನು ಮೊದಲಿದ್ದದ್ದಕ್ಕಿಂತ ಗಟ್ಟಿಯಾಗಿ ನಾನೇ ಸೇರಿಸಿದೆ, ಸೊಂಟಕ್ಕೆ ಒಂದು ಮಾತು ಹೆಚ್ಚಿಗೆ. ಆಮೇಲೆ ವೈಟ್‌ಫೀಲ್ಡಿನ ಆ ಗಾಜಿನ ಕೋಣೆಯಲ್ಲಿ ಕೂತು, ಒಂದಿಷ್ಟೂ ನಡುಗದ ದನಿಯಲ್ಲಿ ಹೇಳಿದೆ:

"ಅರವತ್ತು ದಾಟಿದವರೇ, ಹತ್ತುವುದೋ ಬಿಡುವುದೋ ನಿಮ್ಮಿಷ್ಟ. ಹತ್ತುವುದಾದರೆ ಬ್ಯಾಗನ್ನು ಮಗನ ಕೈಗೆ ಕೊಟ್ಟು ಬನ್ನಿ. ಅವನು ಹೊರಗೆ ಕಾಯುತ್ತಾನೆ."